ವಕ್ರತೆಯ ಲೆಕ್ಕ ಬಿಡಿಸಿದ ಪಾಟೋದಿ

1967ರಲ್ಲಿ ಅಮೆರಿಕದ ಲೀಹೈ ವಿಶ್ವವಿದ್ಯಾಲಯದಿಂದ ಹೊಸದೊಂದು ಗಣಿತ ಪತ್ರಿಕೆ ಹೊರಟಿತು. ಹೆಸರು ‘ಜರ್ನಲ್ ಆಫ್ ಡಿಫರೆನ್ಷಿಯಲ್ ಜಿಯಾಮೆಟ್ರಿ’. ಅದರ ಮೊದಲ ಸಂಪುಟದಲ್ಲೇ ಹೆನ್ರಿ ಮೆಕೀನ್ ಮತ್ತು ಐಸಡೋರ್ ಸಿಂಗರ್ ಸೇರಿ ಒಂದು ಪ್ರಬಂಧ ಬರೆದರು. ಬಾಗಿದ ಮೇಲ್ಮೈಯ ಮೇಲೆ ಬಿಸಿ ಹರಡುವ ಬಗೆಯನ್ನು ನೋಡಿ ಆ ಮೇಲ್ಮೈಯ ಆಕಾರದ ಬಗ್ಗೆ ಏನೇನು ಹೇಳಬಹುದು ಎನ್ನುವುದು ಅದರ ವಿಷಯ. ಎರಡು ಆಯಾಮದ ಮೇಲ್ಮೈಗಳಲ್ಲಿ ಅವರಿಗೆ ಒಂದು ಸೋಜಿಗ ಕಂಡಿತ್ತು. ಲೆಕ್ಕದಲ್ಲಿ ಬರುವ ಬೇಡದ ಪದಗಳೆಲ್ಲ ಒಂದನ್ನೊಂದು ಹೊಡೆದುಹಾಕಿ, ಕೊನೆಗೆ ವಕ್ರತೆಯೊಂದೇ ಉಳಿಯುತ್ತಿತ್ತು. ನಾಲ್ಕು, ಆರು, ಎಂಟು ಆಯಾಮಗಳಲ್ಲೂ ಹೀಗೇ ಆದೀತೇ ಎಂದು ಕೇಳಿ ಅವರು ಪ್ರಶ್ನೆಯನ್ನು ಅಲ್ಲಿಗೇ ಬಿಟ್ಟರು.

ಅದೇ ವರ್ಷ ಮುಂಬೈಯ ಕೊಲಾಬಾದ ಕಡಲಂಚಿನಲ್ಲಿರುವ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಗೆ ಇಪ್ಪತ್ತೆರಡರ ಯುವಕನೊಬ್ಬ ಸಂಶೋಧನಾ ವಿದ್ಯಾರ್ಥಿಯಾಗಿ ಸೇರಿದ. ವಿಜಯ್ ಕುಮಾರ್ ಪಾಟೋದಿ. ಊರು ಮಧ್ಯಪ್ರದೇಶದ ಗುನಾ. ನಾಲ್ಕು ವರ್ಷ ಕಳೆದು, 1971ರಲ್ಲಿ ಅದೇ ಪತ್ರಿಕೆಯ ಐದನೇ ಸಂಪುಟದಲ್ಲಿ ಪಾಟೋದಿಯವರ ಎರಡು ಪ್ರಬಂಧಗಳು ಒಂದರ ಬೆನ್ನಿಗೆ ಒಂದು ಅಚ್ಚಾದವು. ಮೊದಲನೆಯದು ಮೆಕೀನ್ ಮತ್ತು ಸಿಂಗರ್ ಅವರ ಪ್ರಶ್ನೆಗೆ ಪೂರ್ತಿ ಉತ್ತರ ಕೊಟ್ಟಿತು. ಎರಡನೆಯದು ಇನ್ನೂ ಮುಂದೆ ಹೋಗಿ, ಅದುವರೆಗೆ ಬೇರೆ ಹಾದಿಯಿಂದ ಮಾತ್ರ ತಲುಪಬಹುದಾಗಿದ್ದ ರೀಮಾನ್–ರಾಕ್–ಹಿರ್ಜೆಬ್ರುಕ್ ಪ್ರಮೇಯವನ್ನು, ಕೇಲರ್ ಜಾಗಗಳೆಂಬ ದೊಡ್ಡ ವರ್ಗಕ್ಕೆ, ಬಿಸಿಯ ಲೆಕ್ಕದಿಂದಲೇ ಸಾಧಿಸಿತು. ಮುಂದಿನ ಐದು ವರ್ಷಗಳಲ್ಲಿ ಅವರು ಮಾಡಿದ ಕೆಲಸ ಇಂದಿಗೂ ಅವಕಲ ಜ್ಯಾಮಿತಿಯ ತಳಪಾಯದಲ್ಲಿದೆ. 1976ರ ಡಿಸೆಂಬರ್ 21ರಂದು, ಮೂವತ್ತೊಂದನೇ ವಯಸ್ಸಿನಲ್ಲಿ, ಅವರು ತೀರಿಕೊಂಡರು.

ಪಾಟೋದಿಯವರ ಹೆಸರು ಜಗತ್ತಿನ ಎಲ್ಲ ಜ್ಯಾಮಿತಿ ತಜ್ಞರಿಗೂ ಗೊತ್ತು. ನಮ್ಮಲ್ಲಿ ಗಣಿತದಲ್ಲೇ ಪದವಿ ಪಡೆದವರೂ ಬಹಳ ಮಂದಿ ಆ ಹೆಸರು ಕೇಳಿರುವುದಿಲ್ಲ. ಇದು ಸರಿಯಲ್ಲ. ಆ ಕೆಲಸದ ಸೊಗಸು ಪದವಿ ಇಲ್ಲದವರಿಗೂ ಬಹುಪಾಲು ಎಟುಕುವಂಥದ್ದು. ಸ್ವಲ್ಪ ತಾಳ್ಮೆ ಬೇಕು, ಅಷ್ಟೆ.

ಮೊದಲು ವಕ್ರತೆ. ಹಾಳೆಯ ಮೇಲೆ ತ್ರಿಕೋನ ಬರೆದರೆ ಮೂರು ಕೋನಗಳ ಮೊತ್ತ 180 ಡಿಗ್ರಿ. ಭೂಮಿಯ ಮೇಲೆ ಹಾಗಲ್ಲ. ಉತ್ತರ ಧ್ರುವದಿಂದ ನೇರ ಸಮಭಾಜಕಕ್ಕೆ ಇಳಿಯಿರಿ, ಅಲ್ಲಿ ಲಂಬವಾಗಿ ತಿರುಗಿ ಭೂಮಿಯ ಸುತ್ತಳತೆಯ ಕಾಲುಭಾಗ ನಡೆಯಿರಿ, ಮತ್ತೆ ಲಂಬವಾಗಿ ತಿರುಗಿ ಧ್ರುವಕ್ಕೆ ಮರಳಿ. ಮೂರು ಕೋನವೂ 90, ಮೊತ್ತ 270. ಹೆಚ್ಚಾಗಿ ಬಂದ ಆ 90 ಡಿಗ್ರಿಯೇ ತ್ರಿಕೋನದ ಒಳಗೆ ತುಂಬಿರುವ ವಕ್ರತೆಯ ಮೊತ್ತ. ಹ್ಯಾನೋವರ್ ರಾಜ್ಯದ ಭೂಮಾಪನದಲ್ಲಿ ವರ್ಷಗಟ್ಟಲೆ ತೊಡಗಿದ್ದ ಗೌಸ್, ವಕ್ರತೆಯನ್ನು ಮೇಲ್ಮೈಯ ಹೊರಗೆ ನಿಂತು ನೋಡಬೇಕಿಲ್ಲ, ಅದರ ಮೇಲೇ ಓಡಾಡಿ ಅಳೆದರೆ ಸಾಕು ಎಂದು 1827ರಲ್ಲಿ ತೋರಿಸಿದರು. ಅವಕಲ ಜ್ಯಾಮಿತಿ ಒಂದು ಶಾಸ್ತ್ರವಾಗಿ ನೆಲೆ ನಿಂತದ್ದು ಅಲ್ಲಿಂದ.

ಇನ್ನು ಈ ವಕ್ರತೆಯನ್ನು ಇಡೀ ಮೇಲ್ಮೈಯ ಮೇಲೆ ಕೂಡಿಸುತ್ತ ಹೋಗಿ. ಚೆಂಡಿನ ಮೇಲೆ ಒಟ್ಟು ಮೊತ್ತ 720 ಡಿಗ್ರಿ. ಚೆಂಡನ್ನು ಹಿಸುಕಿ, ಎಳೆದು, ಆಲೂಗಡ್ಡೆಯಂತೆ ಸೊಟ್ಟ ಮಾಡಿದರೂ ಮೊತ್ತ 720ರಿಂದ ಕದಲುವುದಿಲ್ಲ. ಒಂದು ಕಡೆ ಉಬ್ಬು ಹೆಚ್ಚಿದರೆ ಇನ್ನೊಂದು ಕಡೆ ತಗ್ಗು ಅದನ್ನು ಸರಿದೂಗಿಸುತ್ತದೆ. ಉದ್ದಿನ ವಡೆಯಂಥ ಆಕಾರದಲ್ಲಿ ಮೊತ್ತ ಸೊನ್ನೆ: ಹೊರಬದಿಯ ಉಬ್ಬಿನಲ್ಲಿ ವಕ್ರತೆ ಧನ, ತೂತಿನ ಸುತ್ತ ಋಣ, ಎರಡೂ ಸರಿಸಮ. ತೂತುಗಳ ಎಣಿಕೆಯಿಂದ ಬರುವ ಆಯ್ಲರ್ ಸಂಖ್ಯೆಯನ್ನು 360ರಿಂದ ಗುಣಿಸಿದರೆ ಸಿಗುವುದು ಇದೇ ಮೊತ್ತ. ಗೌಸ್–ಬೊನೆ ಪ್ರಮೇಯವೆಂದರೆ ಇದು. ಬಿಂದು ಬಿಂದುವಿನಲ್ಲಿ ಅಳೆದದ್ದನ್ನು ಕೂಡಿಸಿದರೆ ಇಡೀ ಆಕಾರದ ಗುಟ್ಟು ಹೊರಬೀಳುತ್ತದೆ. ಹೆಚ್ಚಿನ ಆಯಾಮಗಳಲ್ಲಿ ಇದರ ಶುದ್ಧ ಜ್ಯಾಮಿತೀಯ ಸಾಧನೆಯನ್ನು ಕೊಟ್ಟವರು ಚೀನಾದ ಶಿಂಗ್-ಶೆನ್ ಚೆರ್ನ್, 1944ರಲ್ಲಿ.

ಇದರ ನಡುವೆ ಬಿಸಿಗೆ ಏನು ಕೆಲಸ? ಮೇಲ್ಮೈಯ ಒಂದು ಬಿಂದುವಿಗೆ ಬಿಸಿ ಮುಟ್ಟಿಸಿದಿರಿ ಎನ್ನಿ. ಮೊದಲ ಕ್ಷಣಗಳಲ್ಲಿ ಬಿಸಿ ಇನ್ನೂ ಅಲ್ಲೇ ಸುತ್ತಮುತ್ತ ಇರುತ್ತದೆ. ಹತ್ತಿರದ ಉಬ್ಬುತಗ್ಗು ಬಿಟ್ಟರೆ ಅದಕ್ಕೆ ಬೇರೇನೂ ತಿಳಿಯದು. ಬಹಳ ಹೊತ್ತು ಕಳೆದ ಮೇಲೆ ಬಿಸಿ ಎಲ್ಲೆಡೆ ಸಮನಾಗಿ ಹರಡಿರುತ್ತದೆ. ಆಗ ಸ್ಥಳೀಯ ವಿವರವೆಲ್ಲ ಅಳಿಸಿಹೋಗಿ, ಉಳಿಯುವುದು ಇಡೀ ಆಕಾರದ ಸಂಗತಿ ಮಾತ್ರ. ಆರಂಭದಲ್ಲಿ ಬಿಂದು, ಅಂತ್ಯದಲ್ಲಿ ಇಡೀ ಆಕಾರ. ಈ ಎರಡು ತುದಿಗಳ ನಡುವೆ ಬದಲಾಗದೆ ಉಳಿಯುವ ಒಂದು ಸಂಖ್ಯೆ ಸಿಕ್ಕರೆ, ಗೌಸ್–ಬೊನೆ ಪ್ರಮೇಯ ತಾನಾಗಿ ಕೈಗೆ ಬರುತ್ತದೆ.

ಅಂಥ ಸಂಖ್ಯೆ ಇದೆ. ತಾಪದಂತೆ ಬಿಂದುವಿಗೆ ಒಂದೇ ಸಂಖ್ಯೆ ಇರುವ ಪ್ರಮಾಣಗಳು ಮಾತ್ರವಲ್ಲ, ದಿಕ್ಕುಗಳನ್ನು ಹೊತ್ತ ಪ್ರಮಾಣಗಳೂ ಬಿಸಿಯ ನಿಯಮದಂತೆಯೇ ಹರಡಬಲ್ಲವು. ಒಂದು ದಿಕ್ಕು, ಎರಡು ದಿಕ್ಕು, ಮೂರು ದಿಕ್ಕು ಎಂದು ಅವುಗಳಿಗೆ ದರ್ಜೆಗಳಿವೆ. ಸಮ ದರ್ಜೆಯವನ್ನು ಕೂಡಿಸಿ, ಬೆಸ ದರ್ಜೆಯವನ್ನು ಕಳೆದರೆ ಬರುವ ಮೊತ್ತ ಕಾಲ ಸರಿದರೂ ಬದಲಾಗುವುದಿಲ್ಲ. ಕಾರಣ, ಜಾಗಕ್ಕೆ ಸಹಜವಾದ ಕಂಪನಗಳು ಜೋಡಿಜೋಡಿಯಾಗಿ ಬರುತ್ತವೆ: ಸಮ ದರ್ಜೆಯಲ್ಲಿ ಒಂದಿದ್ದರೆ ಅದೇ ಕಂಪನಾಂಕದ ಇನ್ನೊಂದು ಬೆಸ ದರ್ಜೆಯಲ್ಲಿರುತ್ತದೆ, ಒಂದು ಇನ್ನೊಂದನ್ನು ತಿಂದುಹಾಕುತ್ತದೆ. ಜೋಡಿಯಿಲ್ಲದೆ ಉಳಿಯಬಲ್ಲವು ಕಂಪನಾಂಕ ಸೊನ್ನೆಯಾಗಿರುವವು ಮಾತ್ರ. ಅವುಗಳಲ್ಲೂ ಸಮ ದರ್ಜೆಯವನ್ನು ಕೂಡಿಸಿ, ಬೆಸ ದರ್ಜೆಯವನ್ನು ಕಳೆದು ಮಾಡಿದ ಎಣಿಕೆಯೇ ಆಯ್ಲರ್ ಸಂಖ್ಯೆ. ಇದಿಷ್ಟು ಮೆಕೀನ್ ಮತ್ತು ಸಿಂಗರ್ ಅವರ ಪ್ರಬಂಧದಲ್ಲಿತ್ತು.

ಕಂಪನ ಮತ್ತು ಆಕಾರದ ನಂಟು ಆ ಕಾಲದಲ್ಲಿ ಗಣಿತಜ್ಞರ ಬಾಯಲ್ಲಿ ನಲಿದಾಡುತ್ತಿದ್ದ ವಿಷಯ. 1966ರಲ್ಲಿ ಮಾರ್ಕ್ ಕಾಟ್ಸ್, ಡೋಲಿನ ನಾದ ಕೇಳಿಯೇ ಅದರ ಆಕಾರ ಹೇಳಬಹುದೇ ಎಂಬ ಪ್ರಶ್ನೆಯನ್ನೇ ಶೀರ್ಷಿಕೆಯಾಗಿಸಿ ಬರೆದ ಲೇಖನ ಬಹಳ ಹೆಸರು ಮಾಡಿತ್ತು. ವಿಸ್ತೀರ್ಣವನ್ನು ಹೇಳಬಹುದು ಎಂದು ಹರ್ಮನ್ ವೈಲ್ 1911ರಲ್ಲೇ ಸಾಧಿಸಿದ್ದರು. ಆಕಾರವನ್ನು ಪೂರ್ತಿಯಾಗಿ ಹೇಳಲಾಗದು ಎಂದು ತಿಳಿದದ್ದು 1992ರಲ್ಲಿ. ಮೃದಂಗ ಮತ್ತು ತಬಲಾಗಳ ಕರಣೆ ಅವುಗಳ ಕಂಪನಾಂಕಗಳನ್ನು ಹೇಗೆ ಸ್ವರಬದ್ಧವಾಗಿ ಹೊಂದಿಸುತ್ತದೆ ಎಂದು ಸಿ.ವಿ. ರಾಮನ್ 1934ರಲ್ಲಿ, ಬೆಂಗಳೂರಿನಲ್ಲಿದ್ದಾಗ, ವಿವರವಾಗಿ ಬರೆದದ್ದೂ ಇದೇ ಗಣಿತದ ಕವಲು.

ಬಿಸಿಯ ಲೆಕ್ಕಕ್ಕೂ ಭಾರತದ ಬೇರಿದೆ. ತ್ರಿಶೂರಿನಲ್ಲಿ ಹುಟ್ಟಿ, ವಾಲ್ಟೇರಿನ ಆಂಧ್ರ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದ ಸುಬ್ಬರಾಮಯ್ಯ ಮೀನಾಕ್ಷಿಸುಂದರಂ ಸ್ವೀಡನ್ನಿನ ಓಕೆ ಪ್ಲೇಯೆಲ್ ಜೊತೆಗೂಡಿ 1949ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಬಿಸಿ ಮುಟ್ಟಿಸಿದ ಕ್ಷಣದ ಆಸುಪಾಸಿನಲ್ಲಿ ಅದರ ನಡವಳಿಕೆಯನ್ನು ಕಾಲದ ಘಾತಗಳ ಸಾಲಾಗಿ ಬರೆಯಬಹುದು ಎಂದು ಅದು ತೋರಿಸಿತು. ಸಾಲಿನ ಮೊದಲ ಗುಣಾಂಕ ಜಾಗದ ಅಳತೆ, ಮುಂದಿನದು ವಕ್ರತೆಯ ಒಂದು ಸರಾಸರಿ. ಆಮೇಲಿನವು ಕೈಮೀರಿ ಬೆಳೆಯುತ್ತವೆ: ವಕ್ರತೆಯ ವರ್ಗ, ಘನ, ವಕ್ರತೆ ಬದಲಾಗುವ ದರ, ಅದರ ದರ, ಇವೆಲ್ಲದರ ಗುಣಲಬ್ಧಗಳು. ನಾಲ್ಕನೇ ಗುಣಾಂಕಕ್ಕೆ ಬರುವಷ್ಟರಲ್ಲಿ ಹತ್ತಾರು ಪದಗಳು ತುಂಬಿಕೊಂಡಿರುತ್ತವೆ. ಆಯಾಮ ಏರಿದಂತೆ ಇನ್ನೂ ದೂರದ ಗುಣಾಂಕ ಬೇಕಾಗುತ್ತದೆ.

ಪಾಟೋದಿಯವರ ಮುಂದಿದ್ದ ತೊಡಕು ಇದು. ಸಮ–ಬೆಸ ಮೊತ್ತ ಕಾಲಕ್ಕೆ ಬಗ್ಗುವುದಿಲ್ಲವಾದ್ದರಿಂದ, ಇಡೀ ಜಾಗದ ಮೇಲೆ ಕೂಡಿಸಿದಾಗ ಬೇಡದ ಪದಗಳು ಹೇಗಿದ್ದರೂ ಸೊನ್ನೆಯಾಗಲೇಬೇಕು. ಅದು ಸುಲಭ. ಆದರೆ ಕೂಡಿಸುವ ಮೊದಲೇ, ಪ್ರತಿ ಬಿಂದುವಿನಲ್ಲೂ, ಅವು ಸೊನ್ನೆಯಾಗುತ್ತವೆಯೇ? ಉಳಿಯುವುದು ಚೆರ್ನ್ ಬರೆದ ಅದೇ ವಕ್ರತೆಯ ಪದವೇ, ಒಂದಿಷ್ಟೂ ಹೆಚ್ಚುಕಡಿಮೆ ಇಲ್ಲದೆ? ಲೆಕ್ಕವನ್ನು ನೇರವಾಗಿ ಮಾಡಲು ಕುಳಿತವರು ಪದಗಳ ಕಾಡಿನಲ್ಲಿ ದಾರಿ ತಪ್ಪುವುದು ಖಂಡಿತ ಎಂಬಂತಿತ್ತು.

ಪಾಟೋದಿ ನೇರವಾಗಿಯೇ ಮಾಡಿದರು. ಆದರೆ ಗುಣಾಂಕಗಳನ್ನೆಲ್ಲ ಬಿಡಿಸಿ ಬರೆಯಲಿಲ್ಲ. ಸಮ–ಬೆಸ ಮೊತ್ತದ ಬೀಜಗಣಿತವನ್ನು ದಿಟ್ಟಿಸಿ ನೋಡಿ ಅದರ ಒಂದು ಗುಣವನ್ನು ಹಿಡಿದರು: ವಕ್ರತೆಯ ಸಾಕಷ್ಟು ಅಂಶಗಳು ಒಟ್ಟಿಗೆ ಗುಣಿಸಿಕೊಂಡು ಬರದ ಹೊರತು ಆ ಮೊತ್ತ ಸೊನ್ನೆಯೇ. ಎಷ್ಟು ಅಂಶ ಬೇಕು? ಆಯಾಮದ ಅರ್ಧದಷ್ಟು. ವಕ್ರತೆಯ ಪ್ರತಿಯೊಂದು ಅಂಶವೂ ತನ್ನ ಜೊತೆ ಕಾಲದ ಒಂದು ಘಾತವನ್ನು ತರುತ್ತದೆ. ಹಾಗಾಗಿ ಅಷ್ಟು ಅಂಶ ಕೂಡಿಬರುವ ಹೊತ್ತಿಗೆ, ಅನಂತಕ್ಕೆ ಚಿಮ್ಮುತ್ತಿದ್ದ ಪದಗಳ ಘಾತ ಸರಿಯಾಗಿ ತೀರಿಹೋಗಿರುತ್ತದೆ. ಅದಕ್ಕಿಂತ ಕೆಳಗಿನವು ಬೀಜಗಣಿತದಿಂದಲೇ ಮಾಯ. ಮೇಲಿನವು ಕಾಲ ಸೊನ್ನೆಯತ್ತ ಹೋದಂತೆ ಮಾಯ. ಉಳಿಯುವುದು ಒಂದೇ ಪದ, ಚೆರ್ನ್ ಬರೆದದ್ದು. ಎಲ್ಲ ಸಮ ಆಯಾಮಗಳಿಗೂ ಒಂದೇ ವಾದ.

ಇದನ್ನು ಬರೀ ಜಾಣ ಲೆಕ್ಕ ಎಂದು ಬದಿಗಿಡುವವರಿದ್ದಾರೆ. ನನಗೆ ಅದು ಒಪ್ಪಿಗೆಯಿಲ್ಲ. ಇಡೀ ಆಕಾರದ ಗುಣವೊಂದು ಕೇವಲ ಮೊತ್ತದಲ್ಲಿ ಸರಿಹೋಗುವ ಲೆಕ್ಕವಲ್ಲ, ಪ್ರತಿ ಬಿಂದುವಿನಲ್ಲೂ ಪೂರ್ಣವಾಗಿ ನಿಜವಾಗಿರುವ ಸಂಗತಿ ಎಂದು ಅದು ತೋರಿಸಿತು. ಇಪ್ಪತ್ತನೇ ಶತಮಾನದ ಗಣಿತದ ಮೇರು ಕೃತಿಗಳಲ್ಲಿ ಒಂದಾದ ಸೂಚ್ಯಂಕ ಪ್ರಮೇಯವನ್ನು ಮೈಕೆಲ್ ಅತೀಯಾ ಮತ್ತು ಸಿಂಗರ್ 1963ರಲ್ಲಿ ಪ್ರಕಟಿಸಿದ್ದರು. ಒಂದು ಅವಕಲ ಸಮೀಕರಣಕ್ಕೆ ಎಷ್ಟು ಉತ್ತರಗಳಿವೆ ಎಂಬ ಎಣಿಕೆಯನ್ನು, ಸಮೀಕರಣ ಬಿಡಿಸದೆಯೇ, ಜಾಗದ ಆಕಾರದಿಂದ ಹೇಳುವ ಪ್ರಮೇಯ ಅದು. ಗೌಸ್–ಬೊನೆ ಅದರ ಒಂದು ಉದಾಹರಣೆ ಮಾತ್ರ. ಆದರೆ ಆಗಿದ್ದ ಸಾಧನೆಗಳು ಟೊಪಾಲಜಿಯ ಭಾರೀ ಯಂತ್ರಗಳನ್ನು ಬಳಸಿ ಸುತ್ತುದಾರಿಯಲ್ಲಿ ಹೋಗುತ್ತಿದ್ದವು. ವಕ್ರತೆ ಅಲ್ಲಿ ಏಕೆ ಬಂತು ಎನ್ನುವುದು ಅವುಗಳಿಂದ ಕಾಣುತ್ತಿರಲಿಲ್ಲ. ಪಾಟೋದಿಯವರ ಬಿಸಿಯ ದಾರಿಯಲ್ಲಿ ಅದು ಕಣ್ಣಿಗೆ ಕಟ್ಟುವಂತೆ ಕಂಡಿತು.

1971ರಿಂದ 1973ರವರೆಗೆ ಪಾಟೋದಿ ಪ್ರಿನ್ಸ್‌ಟನ್ನಿನ ಇನ್‌ಸ್ಟಿಟ್ಯೂಟ್ ಫಾರ್ ಅಡ್ವಾನ್ಸ್‌ಡ್ ಸ್ಟಡಿಯಲ್ಲಿದ್ದರು. ಅತೀಯಾ ಮತ್ತು ರಾವುಲ್ ಬಾಟ್ ಜೊತೆ ಸೇರಿ ಅವರು ಬರೆದ ಪ್ರಬಂಧ 1973ರಲ್ಲಿ ಹೊರಬಂದು, ಸೂಚ್ಯಂಕ ಪ್ರಮೇಯಕ್ಕೆ ಬಿಸಿಯ ಸಮೀಕರಣದಿಂದಲೇ ಸಾಧನೆ ಕೊಟ್ಟಿತು. ಅದೇ ಹೊತ್ತಿಗೆ ಪೀಟರ್ ಗಿಲ್ಕಿ ಎಂಬ ಅಮೆರಿಕದ ಯುವಕ ಸ್ವತಂತ್ರವಾಗಿ ಬೇರೊಂದು ಉಪಾಯ ಕಂಡುಕೊಂಡಿದ್ದರು: ಉತ್ತರ ಯಾವ ಯಾವ ರೂಪದಲ್ಲಿರಲು ಸಾಧ್ಯ ಎಂದು ಮೊದಲು ಕಟ್ಟುಹಾಕಿ, ಉಳಿದದ್ದನ್ನು ಉದಾಹರಣೆಗಳಿಂದ ಗುರುತಿಸುವುದು. ಮೂವರೂ ತಮ್ಮ ಪ್ರಬಂಧದಲ್ಲಿ ಗಿಲ್ಕಿಯ ಉಪಾಯವನ್ನೇ ಸರಳಗೊಳಿಸಿ ಬಳಸಿದರು. 1980ರ ದಶಕದಲ್ಲಿ ಭೌತವಿಜ್ಞಾನಿಗಳ ಸೂಪರ್‌ಸಿಮೆಟ್ರಿ ವಿಚಾರಗಳು ಗಣಿತಕ್ಕೆ ಬಂದಾಗ, ಎಜ್ರಾ ಗೆಟ್ಸ್‌ಲರ್ ಮತ್ತು ಜಾನ್-ಮಿಶೆಲ್ ಬಿಸ್ಮು ಮತ್ತೆ ನೇರ ಲೆಕ್ಕಕ್ಕೇ ಮರಳಿ ಅದನ್ನು ಕೆಲವೇ ಪುಟಗಳಿಗೆ ಇಳಿಸಿದರು. ಅವರು ಹೊಸ ಭಾಷೆಯಲ್ಲಿ ಹೇಳಿದ್ದು, ಪಾಟೋದಿ ಕೈಲೆಕ್ಕದಲ್ಲಿ ಮೊದಲು ಕಂಡಿದ್ದ ಘಾತಗಳ ತೀರುವಳಿಯನ್ನೇ.

ಪಾಟೋದಿಯವರ ಹೆಸರು ಅತಿ ಹೆಚ್ಚು ಬಾರಿ ಕೇಳಿಬರುವುದು ಮೂರಕ್ಷರದಲ್ಲಿ. ಎಪಿಎಸ್ ಎಂದರೆ ಅತೀಯಾ, ಪಾಟೋದಿ, ಸಿಂಗರ್. 1975 ಮತ್ತು 1976ರಲ್ಲಿ ಕೇಂಬ್ರಿಜ್ ಫಿಲಸಾಫಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಮೂರು ಕಂತುಗಳಾಗಿ ಬಂದ ಅವರ ಪ್ರಬಂಧಗಳು ಅಂಚುಳ್ಳ ಜಾಗಗಳಿಗೆ ಸೂಚ್ಯಂಕ ಪ್ರಮೇಯವನ್ನು ವಿಸ್ತರಿಸಿದವು. ಚೆಂಡಿಗೆ ಅಂಚಿಲ್ಲ, ತಟ್ಟೆಗೆ ಇದೆ. ಅಂಚಿದ್ದರೆ ಒಳಗಿನ ವಕ್ರತೆಯ ಮೊತ್ತದಿಂದ ಉತ್ತರ ಪೂರ್ತಿ ಬರುವುದಿಲ್ಲ, ಅಂಚಿನಿಂದ ಒಂದು ತಿದ್ದುಪಡಿ ಬೇಕು. ಆ ತಿದ್ದುಪಡಿಗೆ ಅವರು ಈಟಾ ಎಂಬ ಗ್ರೀಕ್ ಅಕ್ಷರ ಕೊಟ್ಟರು.

ಈಟಾ ಎಂದರೇನು ಎಂದು ಒಂದು ಸಣ್ಣ ಉದಾಹರಣೆಯಲ್ಲಿ ನೋಡಬಹುದು. ಎಲ್ಲ ಪೂರ್ಣಾಂಕಗಳನ್ನೂ ಒಂದು ಗೆರೆಯ ಮೇಲಿಟ್ಟು, ಇಡೀ ಸಾಲನ್ನು ಕಾಲುಭಾಗ ಬಲಕ್ಕೆ ಸರಿಸಿ. ಈಗ ಧನ ಸಂಖ್ಯೆಗಳು ಕಾಲು, ಒಂದೂಕಾಲು, ಎರಡೂಕಾಲು; ಋಣ ಸಂಖ್ಯೆಗಳು ಮುಕ್ಕಾಲು, ಒಂದೂಮುಕ್ಕಾಲು. ಎರಡೂ ಕಡೆ ಅನಂತ. ಆದರೂ ಸಾಲು ಎರಡೂ ಕಡೆಗೆ ಒಂದೇ ತೆರನಾಗಿಲ್ಲ, ಧನದ ಕಡೆಗೆ ಸ್ವಲ್ಪ ವಾಲಿದೆ. ಎಷ್ಟು ವಾಲಿದೆ? ರೀಮಾನ್ ಕಾಲದಿಂದ ಬಂದ ಒಂದು ವಿಧಾನದಿಂದ ಅನಂತವನ್ನು ಪಳಗಿಸಿ ಕಳೆದರೆ ಉತ್ತರ ಸರಿಯಾಗಿ ಅರ್ಧ. ಅರ್ಧಭಾಗ ಸರಿಸಿದ್ದರೆ ಎರಡೂ ಕಡೆ ಸರಿಸಮವಾಗಿ ಉತ್ತರ ಸೊನ್ನೆಯಾಗುತ್ತಿತ್ತು. ಒಂದು ಸುತ್ತುಗೆರೆಯ ಮೇಲಿನ ಅತಿ ಸರಳ ಅವಕಲ ಸಮೀಕರಣದ ಕಂಪನಾಂಕಗಳು ಹೀಗೇ ಇರುತ್ತವೆ. ಧನ ಋಣಗಳ ಈ ವಾಲಿಕೆಯೇ ಈಟಾ. ಅಂಚಿನ ಒಂದು ಬಿಂದುವಿನಲ್ಲಿ ನಿಂತು ಅದನ್ನು ಅಳೆಯಲಾಗದು. ಅಂಚಿನ ಎಲ್ಲ ಕಂಪನಗಳನ್ನೂ ಒಟ್ಟಿಗೆ ಕೇಳಬೇಕು. ಎಲ್ಲವೂ ಬಿಂದುವಿನಲ್ಲೇ ಇದೆ ಎಂದು ತೋರಿಸಿದವರೇ, ಬಿಂದುವಿಗೆ ಸಿಗದ ಒಂದು ಸಂಖ್ಯೆಯನ್ನು ಹುಡುಕಿಕೊಟ್ಟವರಲ್ಲಿ ಒಬ್ಬರಾದರು.

ಆ ಸಂಖ್ಯೆ ಆಮೇಲೆ ನಡೆದ ದೂರ ದೊಡ್ಡದು. 1985ರಲ್ಲಿ ಎಡ್ವರ್ಡ್ ವಿಟೆನ್ ಗುರುತ್ವ ಸಿದ್ಧಾಂತದ ಅಸಂಗತತೆಗಳನ್ನು ಪತ್ತೆಹಚ್ಚಲು ಈಟಾವನ್ನು ಬಳಸಿದರು. ಮೂವತ್ತು ವರ್ಷಗಳ ಬಳಿಕ ಅವರೇ ಟೊಪಾಲಜಿಕಲ್ ಇನ್ಸುಲೇಟರ್‌ಗಳ ಬಗ್ಗೆ, ಎಂದರೆ ಒಳಗೆ ವಿದ್ಯುತ್ ಹರಿಯದೆ ಮೇಲ್ಮೈಯಲ್ಲಿ ಮಾತ್ರ ಹರಿಯುವ ವಸ್ತುಗಳ ಬಗ್ಗೆ ಬರೆದಾಗ, ಎಪಿಎಸ್ ಪ್ರಮೇಯವೇ ಆಧಾರವಾಯಿತು. ಒಳಭಾಗಕ್ಕೂ ಅಂಚಿಗೂ ಇರುವ ಸಂಬಂಧವೇ ಆ ವಸ್ತುಗಳ ಜೀವಾಳ.

ಇಂಥ ಪ್ರತಿಭೆ ಎಲ್ಲಿಂದ ಬಂತು ಎಂದು ಕೇಳಿದಾಗ ದೈವದತ್ತ ಎನ್ನುವುದು ನಮಗೆ ರೂಢಿ. ಪಾಟೋದಿಯವರ ಬದುಕನ್ನು ನೋಡಿದರೆ ಬೇರೆ ಉತ್ತರ ಸಿಗುತ್ತದೆ. ಹುಟ್ಟಿದ್ದು 1945ರ ಮಾರ್ಚ್ 12ರಂದು. ಗುನಾದಲ್ಲಿ ಶಾಲೆ, ಉಜ್ಜಯಿನಿಯ ವಿಕ್ರಮ್ ವಿಶ್ವವಿದ್ಯಾಲಯದ ಬಿ.ಎಸ್ಸಿ., ಕಾಶಿಯ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಎಂ.ಎಸ್ಸಿ., ಮುಂಬೈ ವಿಶ್ವವಿದ್ಯಾಲಯದ ಉನ್ನತ ಅಧ್ಯಯನ ಕೇಂದ್ರದಲ್ಲಿ ಒಂದು ವರ್ಷ. ನಮ್ಮ ಸಾವಿರಾರು ವಿದ್ಯಾರ್ಥಿಗಳು ಹಾದುಬರುವ ದಾರಿಯೇ ಇದು. ಅವರಿಗೆ ವಿಶೇಷವಾಗಿ ಸಿಕ್ಕದ್ದು ಕೊನೆಯ ಮೆಟ್ಟಿಲು.

ಹೋಮಿ ಭಾಭಾ 1945ರಲ್ಲಿ ಕಟ್ಟಿದ ಟಾಟಾ ಸಂಸ್ಥೆಯಲ್ಲಿ ಗಣಿತ ವಿಭಾಗವನ್ನು ಬೆಳೆಸಿದವರು ಕೆ. ಚಂದ್ರಶೇಖರನ್ ಮತ್ತು ಕೆ.ಜಿ. ರಾಮನಾಥನ್. ಜಗತ್ತಿನ ದೊಡ್ಡ ಗಣಿತಜ್ಞರನ್ನು ಕರೆಸಿ ವಾರಗಟ್ಟಲೆ ಪಾಠ ಹೇಳಿಸುವುದು, ಆ ಪಾಠಗಳ ಟಿಪ್ಪಣಿಯನ್ನು ಇಲ್ಲಿನ ವಿದ್ಯಾರ್ಥಿಗಳೇ ಬರೆದು ಪುಸ್ತಕ ಮಾಡುವುದು ಅಲ್ಲಿನ ಪದ್ಧತಿ. ವಿದ್ಯಾರ್ಥಿ ಕೇಳಿ ಸುಮ್ಮನಾಗುವಂತಿರಲಿಲ್ಲ, ಅರ್ಥಮಾಡಿಕೊಂಡು ಬರೆಯಲೇಬೇಕಿತ್ತು. ಆ ನೆಲದಲ್ಲಿ ಎಂ.ಎಸ್. ನರಸಿಂಹನ್ ಬೆಳೆದರು, ಅವರ ಶಿಷ್ಯ ಎಸ್. ರಮಣನ್ ಬೆಳೆದರು. ನರಸಿಂಹನ್ ಮತ್ತು ಸಿ.ಎಸ್. ಶೇಷಾದ್ರಿ 1965ರಲ್ಲಿ ಸಾಧಿಸಿದ ಪ್ರಮೇಯ ಹೊರದೇಶಗಳ ಪಠ್ಯಗಳಲ್ಲಿ ಅವರ ಹೆಸರಿನಿಂದಲೇ ಇದೆ. ಪಾಟೋದಿಗೆ ಮಾರ್ಗದರ್ಶಕರಾದವರು ಈ ನರಸಿಂಹನ್ ಮತ್ತು ರಮಣನ್. ಅಮೆರಿಕದಲ್ಲಿ ಕೇಳಿದ ಪ್ರಶ್ನೆಯೊಂದು ಮುಂಬೈಯಲ್ಲಿ ಸರಿಯಾದ ವಿದ್ಯಾರ್ಥಿಯ ಮೇಜಿಗೆ ಬಂದು ಕೂರಬೇಕಾದರೆ, ಆ ಪ್ರಶ್ನೆಯ ಬೆಲೆ ತಿಳಿದ ಗುರುಗಳು ಅಲ್ಲಿರಬೇಕು. ನರಸಿಂಹನ್ ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದರು. 2021ರ ಮೇ 15ರಂದು ಇಲ್ಲಿಯೇ ತೀರಿಕೊಂಡರು.

ಪ್ರಿನ್ಸ್‌ಟನ್ನಿನಿಂದ ಪಾಟೋದಿ ಮುಂಬೈಗೇ ಮರಳಿದರು. ಎಳೆಯ ವಯಸ್ಸಿನಲ್ಲೇ ಟಾಟಾ ಸಂಸ್ಥೆಯ ಪೂರ್ಣ ಪ್ರಾಧ್ಯಾಪಕರಾದರು. ಅಷ್ಟರಲ್ಲಿ ಮೂತ್ರಪಿಂಡದ ಕಾಯಿಲೆ ಅವರನ್ನು ಹಿಡಿದಿತ್ತು. ಮೂತ್ರಪಿಂಡ ಕಸಿ ಆಗ ನಮ್ಮ ದೇಶಕ್ಕೆ ತೀರ ಹೊಸತು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಅದು ಯಶಸ್ವಿಯಾಗಿ ನಡೆದದ್ದು 1971ರಲ್ಲಿ. ಕಸಿಯ ಶಸ್ತ್ರಚಿಕಿತ್ಸೆಗೆ ಸಿದ್ಧತೆ ನಡೆದಿದ್ದಾಗ ಉಂಟಾದ ತೊಂದರೆಗಳಲ್ಲಿ ಪಾಟೋದಿ ಹೋದರು. ಕಾಯಿಲೆಯ ಆ ವರ್ಷಗಳಲ್ಲೇ ಎಪಿಎಸ್ ಪ್ರಬಂಧಗಳು ಅಚ್ಚಾಗಿದ್ದವು. ಹೆರಾಲ್ಡ್ ಡೊನೆಲಿ ಜೊತೆ ಬರೆದ ಒಂದು ಪ್ರಬಂಧ ಅವರು ತೀರಿದ ಮೇಲೆ, 1977ರಲ್ಲಿ ಬಂತು. ಅವರ ಎಲ್ಲ ಪ್ರಬಂಧಗಳನ್ನೂ ಅತೀಯಾ ಮತ್ತು ನರಸಿಂಹನ್ ಸಂಪಾದಿಸಿ 1996ರಲ್ಲಿ ಒಂದೇ ಸಂಪುಟವಾಗಿ ಹೊರತಂದರು.

ಪದವಿ ಕಾಲೇಜುಗಳಲ್ಲಿ ಗಣಿತ ಕಲಿಸುವವರಲ್ಲಿ ನನ್ನದೊಂದು ವಿನಂತಿ. ಗೌಸ್–ಬೊನೆ ಪ್ರಮೇಯವೋ ಬಿಸಿಯ ಸಮೀಕರಣವೋ ಪಾಠಕ್ಕೆ ಬಂದ ದಿನ ಪಾಟೋದಿಯವರ ಹೆಸರನ್ನು ಕರಿಹಲಗೆಯ ಮೇಲೆ ಬರೆಯಿರಿ, ಆ ಎರಡು ಪಾಠಗಳನ್ನು ಬೆಸೆದವರು ಗುನಾದಲ್ಲಿ ಓದಿದವರು ಎಂದು ಹೇಳಿ. ತರಗತಿಯಲ್ಲಿ ಲೆಕ್ಕ ಬಿಡಿಸುವುದಕ್ಕಿಂತ ಲೆಕ್ಕ ಏಕೆ ಹಾಗಾಗುತ್ತದೆ ಎಂದು ಕೇಳುವ ವಿದ್ಯಾರ್ಥಿ ಇದ್ದರೆ, ಬೇಸಿಗೆಯಲ್ಲಿ ನಡೆಯುವ ಎಂಟಿಟಿಎಸ್ ಗಣಿತ ಶಿಬಿರದ ಬಗ್ಗೆ, ರಾಷ್ಟ್ರೀಯ ಉನ್ನತ ಗಣಿತ ಮಂಡಳಿಯ ವಿದ್ಯಾರ್ಥಿವೇತನದ ಬಗ್ಗೆ, ಟಾಟಾ ಸಂಸ್ಥೆ ಮತ್ತು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರವೇಶದ ಬಗ್ಗೆ ಅವರಿಗೆ ತಿಳಿಸಿ. ಅರ್ಜಿ ತುಂಬಲು ಜೊತೆಗೆ ಕುಳಿತುಕೊಳ್ಳಿ.